40 ಮಿ.ಮೀ. ಇಳಿಸಿದ ಸ್ವಿಫ್ಟ್: ಮುಂದಿನ ಟೈರಿನ ಒಳಮಗ್ಗುಲು ಮಾತ್ರ ಸವೆಯುತ್ತಿರುವುದೇಕೆ?

ಕೋಡಿಬಾಗ ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಪೆಟ್ರೋಲ್ ಸ್ವಿಫ್ಟ್, 15 ಇಂಚಿನ ಚಕ್ರ. ಕಾರವಾರದ ಕೋಡಿಬಾಗದಲ್ಲಿ ಮನೆ; ವಾರಕ್ಕೊಮ್ಮೆ ಕುಮಟಾ, ತಿಂಗಳಿಗೆರಡು ಸಲ ದೇವಿಮನೆ ಘಟ್ಟ ಹತ್ತಿ ಶಿರಸಿ. ದೀಪಾವಳಿ ಕಳೆದ ಮೇಲೆ ಹೊರ ಜಿಲ್ಲೆಯ ಒಂದು ಅಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ 40 ಮಿ.ಮೀ. ಇಳಿಸುವ ಸ್ಪ್ರಿಂಗ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಕಂಪನಿಯದ್ದೇ ಉಳಿದಿದೆ. ಅದೇ ಸಂಜೆ ಅಲ್ಲಿಯೇ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿ ಹಾಳೆ ಕೊಟ್ಟರು. ಅದರಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ಕಡೆ ಹಸಿರು, ಅಂದರೆ ಸರಿ; ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಎರಡೂ ಕಡೆ ಕೆಂಪು, ಅಂದರೆ ಮಿತಿಯ ಹೊರಗೆ. ಕೆಂಪಿನ ಬಗ್ಗೆ ಕೇಳಿದ್ದಕ್ಕೆ "ಈ ಗಾಡಿಯಲ್ಲಿ ಕ್ಯಾಂಬರ್ ಹೊಂದಿಸಲು ಬರುವುದಿಲ್ಲ" ಎಂದರು.

ಈಗ ಮೇ ತಿಂಗಳು. 6,000 ಕಿ.ಮೀ. ಓಡುವಷ್ಟರಲ್ಲಿ ಮುಂದಿನ ಎಡ ಟೈರಿನ ಒಳಮಗ್ಗುಲು ನೂಲು ಕಾಣುವಷ್ಟು ಸವೆದಿದೆ, ಹೊರಮಗ್ಗುಲಿನ ಗ್ರಿಪ್ ಮಾತ್ರ ಹೊಸದರಂತಿದೆ. ಬಲಗಡೆಯದ್ದೂ ಅದೇ ಹಾದಿಯಲ್ಲಿದೆ, ಸ್ವಲ್ಪ ಹಿಂದೆ. ಇಳಿಸಿದ ಕಾರಿಗೆ ಇದು ಸಹಜ ಎಂದು ಒಬ್ಬರು, ಟೈರೇ ಕಳಪೆ ಎಂದು ಇನ್ನೊಬ್ಬರು ಹೇಳುತ್ತಾರೆ. ಮಳೆ ಹಿಡಿಯುವ ಮೊದಲು ಇದನ್ನು ಸರಿಪಡಿಸಬೇಕಾಗಿದೆ. ತಿಳಿದವರು ದಯವಿಟ್ಟು ತಿಳಿಸಿ.

ಶಿರಸಿ ಹಳೆ ಗ್ಯಾರೇಜು

ತಮ್ಮ, ಮೊದಲು ಟೈರನ್ನು ಬೈಯುವುದನ್ನು ಬಿಡೋಣ. ಟೈರು ತನಗಾದದ್ದನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಅದನ್ನು ಓದಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಬಲಗಡೆಯ ಟೈರಿನ ಮೇಲೆ ಅಂಗೈಯನ್ನು ಒಮ್ಮೆ ಒಳಗಿನಿಂದ ಹೊರಕ್ಕೆ, ಇನ್ನೊಮ್ಮೆ ಹೊರಗಿನಿಂದ ಒಳಕ್ಕೆ ಎಳೆದು ನೋಡಿ. ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಇನ್ನೊಂದು ದಿಕ್ಕಿನಲ್ಲಿ ಕಾಯಿ ತುರಿಯುವ ಹೆರೆಮಣೆಯ ಹಲ್ಲಿನಂತೆಯೂ ತಾಗಿದರೆ ಅದು ಟೋ ತಪ್ಪಿರುವುದರ ಗುರುತು. ಎರಡೂ ದಿಕ್ಕಿಗೆ ನುಣುಪಾಗಿದ್ದು ಒಳ ಅಂಚು ಮಾತ್ರ ಇಳಿಜಾರಾಗಿ ಸವೆದಿದ್ದರೆ ಕ್ಯಾಂಬರನ್ನು ಅನುಮಾನಿಸಬೇಕು.

ಎರಡನೆಯದಾಗಿ, ಸ್ಪ್ರಿಂಗ್ ಹಾಕಿದ ದಿನವೇ ಮಾಡಿಸಿದ ಅಲೈನ್‌ಮೆಂಟ್ ಆ ದಿನಕ್ಕಷ್ಟೇ ಸಲ್ಲುತ್ತದೆ. ಹೊಸ ಸ್ಪ್ರಿಂಗ್ ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೆ ಕೂರುತ್ತದೆ. ಎತ್ತರ ಬದಲಾದರೆ ಕೋನಗಳೂ ಬದಲಾಗುತ್ತವೆ. ಮತ್ತೊಮ್ಮೆ ಅಳತೆ ಮಾಡಿಸಿದ್ದೀರಾ? ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟಿದೆ ಎಂದು ಟೇಪು ಹಿಡಿದು ಇಲ್ಲಿ ಬರೆಯಿರಿ. ಆ ಅಂಕಿಗಳಿಲ್ಲದೆ ಮುಂದಿನ ಮಾತೆಲ್ಲ ಊಹೆಯೇ.

ತೋಟದ ಮನೆ ಯಲ್ಲಾಪುರ

ಯಾರೂ ಕೇಳದಿದ್ದರೂ ನಾನು ಕೇಳುತ್ತೇನೆ: ಈ ಜಿಲ್ಲೆಯಲ್ಲಿ ಕಾರನ್ನು ಇಳಿಸುವುದಾದರೂ ಏಕೆ? ನಮ್ಮ ತೋಟಕ್ಕೆ ಹೋಗುವ ಮಣ್ಣು ರಸ್ತೆಯ ನಡುದಿಬ್ಬಕ್ಕೆ ಕಂಪನಿಯ ಎತ್ತರವಿರುವ ಕಾರಿನ ಹೊಟ್ಟೆಯೇ ತಾಗುತ್ತದೆ. ಅರಬೈಲ್ ಘಟ್ಟದಲ್ಲಿ ಮಳೆಗಾಲದ ಗುಂಡಿಗಳನ್ನು ನೀರು ಮುಚ್ಚಿರುವಾಗ ನಿಮ್ಮ ಎಂಜಿನ್ನಿನ ಅಡಿಯ ಎಣ್ಣೆ ಚೇಂಬರಿನ ಗತಿ ಏನು?

ಅಂಕೋಲಾ ಉಪನ್ಯಾಸಕಿ

ಯಲ್ಲಾಪುರದವರ ಪ್ರಶ್ನೆ ಒರಟಾಗಿದ್ದರೂ ಅದರಲ್ಲಿ ಲೆಕ್ಕವಿದೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವವಳಾದ್ದರಿಂದ ಆ ಲೆಕ್ಕವನ್ನು ಮಾಡಿಯೇ ಬಿಡುತ್ತೇನೆ. ಈ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಹೊಟ್ಟೆಯವರೆಗಿನ ಎತ್ತರ) 163 ಮಿ.ಮೀ., ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2,450 ಮಿ.ಮೀ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಪ್ರಮಾಣಬದ್ಧ ಹಂಪು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು. ಅಗಲ ಅಷ್ಟಿರುವುದರಿಂದ ಕಾರಿನ ನಾಲ್ಕೂ ಚಕ್ರಗಳು ಒಟ್ಟಿಗೆ ಹಂಪಿನ ಮೇಲೆ ನಿಲ್ಲುತ್ತವೆ, ಆಗ ಹೊಟ್ಟೆಯ ಕೆಳಗಿನ ಜಾಗದಲ್ಲಿ ಕಡಿಮೆಯಾಗುವುದು ಸುಮಾರು 44 ಮಿ.ಮೀ. ಮಾತ್ರ. 40 ಮಿ.ಮೀ. ಇಳಿಸಿದ ಕಾರಿಗೂ ಇನ್ನೂ 79 ಮಿ.ಮೀ. ಉಳಿಯುತ್ತದೆ.

ಆದರೆ ನಮ್ಮೂರಿನ ಶಾಲೆಗಳ ಮುಂದೆ, ದೇವಸ್ಥಾನದ ತಿರುವುಗಳಲ್ಲಿ ಇರುವುದು ಆ ಹಂಪಲ್ಲ. ಒಂದು ರಾತ್ರಿಯಲ್ಲಿ ಯಾರೋ ಡಾಂಬರು ಸುರಿದು ಎಬ್ಬಿಸಿದ ಕಿರಿದಾದ ದಿಂಡು. ಅದು ಹತ್ತೇ ಸೆಂ.ಮೀ. ಎತ್ತರವಿದ್ದರೂ ಮುಂದಿನ ಚಕ್ರ ದಾಟಿ ಹಿಂದಿನದು ಇನ್ನೂ ಬರುವ ಮೊದಲು ಪೂರ್ತಿ 100 ಮಿ.ಮೀ. ಹೊಟ್ಟೆಯ ಕೆಳಗೆ ನಿಂತಿರುತ್ತದೆ. 163ರಲ್ಲಿ 40 ಹೋಗಿ ಉಳಿದ 123ರಲ್ಲಿ 100 ಕಳೆದರೆ ಉಳಿಯುವುದು 23. ಮಾರಿಕಾಂಬಾ ಜಾತ್ರೆಗೆಂದು ಐದು ಜನ ಕೂತು ಹೊರಟರೆ ಆ 23 ಇರುವುದಿಲ್ಲ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಈ ಕರಾವಳಿಯಲ್ಲಿ ದಿನವೂ ಓಡಿಸುವ ಕಾರಿಗೆ 25 ಮಿ.ಮೀ. ಗರಿಷ್ಠ ಮಿತಿ, ಅದಕ್ಕಿಂತ ಕೆಳಗೆ ಹೋದವರು ನೋಟಕ್ಕಾಗಿ ಹೋಗಿರುತ್ತಾರೆಯೇ ಹೊರತು ಓಟಕ್ಕಾಗಿ ಅಲ್ಲ.

ಇನ್ನು ಕೋನಗಳ ವಿಷಯ. ಸ್ವಿಫ್ಟಿನ ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿದಿರುವುದು ಲೋಯರ್ ಆರ್ಮ್, ತಿರುಗಿಸುವುದು ಟೈ ರಾಡ್. ಎರಡೂ ಬೇರೆ ಬೇರೆ ಉದ್ದದವು, ಬೇರೆ ಬೇರೆ ಜಾಗದಲ್ಲಿ ಕೀಲಿಸಿದವು. ಅಕ್ಕಪಕ್ಕದಲ್ಲಿ ಕಟ್ಟಿದ ಎರಡು ಜೋಕಾಲಿಗಳಲ್ಲಿ ಒಂದರ ಹಗ್ಗ ಉದ್ದ, ಇನ್ನೊಂದರದ್ದು ಗಿಡ್ಡ ಎಂದುಕೊಳ್ಳಿ. ಮಣೆಗಳೆರಡಕ್ಕೂ ಅಡ್ಡಲಾಗಿ ಒಂದು ಕೋಲು ಕಟ್ಟಿದರೆ ಕೆಳಗೆ ನೆಟ್ಟಗಿರುವ ಆ ಕೋಲು ಮೇಲೆ ಹೋದಂತೆ ಓರೆಯಾಗುತ್ತದೆ. ಹಾಗೆಯೇ ಕಾರು ತಗ್ಗಿದಾಗ ಚಕ್ರದ ತುದಿ ಒಳಕ್ಕೋ ಹೊರಕ್ಕೋ ತಿರುಗಿ ಟೋ ಬದಲಾಗುತ್ತದೆ. ಯಾವ ಕಡೆಗೆ, ಎಷ್ಟು ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಕಂಪನಿಯವರು ತಾವು ಇಟ್ಟ ಎತ್ತರದ ಆಸುಪಾಸಿನಲ್ಲಿ ಈ ಬದಲಾವಣೆ ಅತಿ ಕಡಿಮೆ ಇರುವಂತೆ ಕೀಲುಗಳನ್ನು ಇಟ್ಟಿರುತ್ತಾರೆ. ನಾವು ತಗ್ಗಿಸಿದಾಗ ಆ ಜಾಗದಿಂದ ಆಚೆ ಬಂದಿರುತ್ತೇವೆ, ಪ್ರತಿ ಗುಂಡಿಗೂ ಸ್ಟೇರಿಂಗ್ ತಾನಾಗಿಯೇ ಎಳೆದಂತಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಒಂದಿದೆ. ಮೂಲ ಎತ್ತರದಲ್ಲಿ ಲೋಯರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಕೆಳಗಿರುತ್ತದೆ. ತಗ್ಗಿಸಿದಂತೆ ಅದು ಮಟ್ಟಸವಾಗಿ, ಇನ್ನೂ ತಗ್ಗಿಸಿದರೆ ಹೊರತುದಿಯೇ ಮೇಲಾಗುತ್ತದೆ. ಆಗ ತಿರುವಿನಲ್ಲಿ ಚಕ್ರ ಮೇಲೆ ಒತ್ತಿದಾಗ ಸಿಗಬೇಕಾದ ಋಣ ಕ್ಯಾಂಬರ್ (ಚಕ್ರದ ನೆತ್ತಿ ಒಳಕ್ಕೆ ವಾಲುವುದು) ಸಿಗುವುದಿಲ್ಲ. ಜೊತೆಗೆ ಕಾರು ವಾಲುವ ಕೇಂದ್ರವು ಕಾರಿನ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುವುದರಿಂದ ವಾಲಿಸುವ ಬಲ ಹೆಚ್ಚೇ ಆಗುತ್ತದೆ. ತಗ್ಗಿಸಿದ ಕಾರು ಕಡಿಮೆ ವಾಲುತ್ತದೆ ಎಂದು ಎಲ್ಲರೂ ಹೇಳುವುದು ಸ್ಪ್ರಿಂಗ್ ಗಟ್ಟಿ ಇರುವುದರಿಂದಲೇ ಹೊರತು ತಗ್ಗಿರುವುದರಿಂದ ಅಲ್ಲ.

ಕೋಡಿಬಾಗ ಸ್ವಿಫ್ಟ್

ಮೇಡಂ, ತುಂಬ ಧನ್ಯವಾದ. ಯಲ್ಲಾಪುರದವರಿಗೆ ಉತ್ತರ: ನೋಟಕ್ಕಾಗಿಯೇ ಇಳಿಸಿದ್ದು, ಒಪ್ಪಿಕೊಳ್ಳುತ್ತೇನೆ.

ಅಂಗೈ ಎಳೆದು ನೋಡಿದೆ, ಹೆರೆಮಣೆಯೇ ಸರಿ. ಅಳತೆ ಹೀಗಿದೆ. ಸ್ಪ್ರಿಂಗ್ ಹಾಕುವ ಮೊದಲು ಮುಂದೆ ಎರಡೂ ಕಡೆ 378 ಮಿ.ಮೀ. ಇತ್ತು, ಫೋಟೋ ತೆಗೆದಿಟ್ಟಿದ್ದೆ. ಹಾಕಿದ ದಿನ 338. ಈಗ ಎಡಗಡೆ 329, ಬಲಗಡೆ 333. ಹಿಂದೆ ಎರಡೂ ಕಡೆ 340ರ ಆಸುಪಾಸು. ನಿನ್ನೆ ಊರಿನಲ್ಲಿಯೇ ಯಂತ್ರದ ಮೇಲೆ ಕಾರು ಹತ್ತಿಸಿ ಏನನ್ನೂ ಮುಟ್ಟದೆ ಅಳತೆ ಮಾತ್ರ ತೆಗೆಸಿದೆ: ಟೋ ಎರಡೂ ಚಕ್ರಕ್ಕೆ ತಲಾ 15 ನಿಮಿಷ (60 ನಿಮಿಷ ಸೇರಿದರೆ ಒಂದು ಡಿಗ್ರಿ) ಹೊರಕ್ಕೆ, ಕ್ಯಾಂಬರ್ ಎಡ ಋಣ 1 ಡಿಗ್ರಿ 40 ನಿಮಿಷ, ಬಲ ಋಣ 55 ನಿಮಿಷ.

ಕುಮಟಾ ಅಲೈನ್‌ಮೆಂಟ್

ದಿನವೂ ಈ ಯಂತ್ರದ ಮುಂದೆಯೇ ನಿಂತಿರುವವನು ನಾನು. ನಿಮ್ಮ ಟೈರನ್ನು ತಿಂದದ್ದು ಟೋ. ಕ್ಯಾಂಬರ್ ಅದಕ್ಕೆ ಜಾಗ ತೋರಿಸಿದೆ, ಅಷ್ಟೆ. ಹೊರಗಿನವರಿಗೆ 15 ನಿಮಿಷ ಎಂದರೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ಅದು ಒಂದು ಡಿಗ್ರಿಯ ಕಾಲು ಭಾಗ. ಎರಡೂ ಚಕ್ರ ಸೇರಿ ರಿಮ್ಮಿನ ಅಂಚಿನಲ್ಲಿ ಅಳೆದರೆ ಹಿಂದಕ್ಕಿಂತ ಮುಂದೆ ಮೂರೂವರೆ ಮಿ.ಮೀ. ಮಾತ್ರ ಹೆಚ್ಚು. ಆದರೆ ಕಾಲು ಡಿಗ್ರಿ ಓರೆಯಾದ ಚಕ್ರ ಒಂದು ಕಿಲೋಮೀಟರ್ ನೇರ ಓಡಿದಾಗ ಸುಮಾರು 4.4 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ನೀವು ಕಾರವಾರದಿಂದ ಕುಮಟಾಕ್ಕೆ ಬರುವ 70 ಕಿ.ಮೀ.ಯಲ್ಲಿ ಒಂದೊಂದು ಟೈರನ್ನೂ 300 ಮೀಟರ್ ಅಡ್ಡಡ್ಡವಾಗಿ ಎಳೆದುಕೊಂಡು ಬಂದಿದ್ದೀರಿ ಎಂದು ಲೆಕ್ಕ ಹಾಕಿ. ಎಡ ಚಕ್ರದ ಭಾರ ಕ್ಯಾಂಬರಿನಿಂದಾಗಿ ಒಳ ಅಂಚಿನ ಮೇಲೆ ಕೂತಿದ್ದರಿಂದ ಉಜ್ಜಾಟವೆಲ್ಲ ಅಲ್ಲೇ ಆಯಿತು. ಒಂದು ಡಿಗ್ರಿ ಋಣ ಕ್ಯಾಂಬರ್ ಇದ್ದೂ ಟೋ ಸೊನ್ನೆಯ ಹತ್ತಿರ ಇರುವ ಕಾರುಗಳು ಟೈರನ್ನು ಸಮವಾಗಿಯೇ ಸವೆಸಿಕೊಂಡು ಓಡುವುದನ್ನು ನಾನು ಎಷ್ಟೋ ನೋಡಿದ್ದೇನೆ.

ಹಾಕಿದ ದಿನ 338 ಇದ್ದದ್ದು 329ಕ್ಕೆ ಬಂದಿದೆ ಎಂದರೆ ಅಂದಿನ ಹಸಿರು ಹಾಳೆ ಬೇರೆಯೇ ಕಾರಿನದ್ದು ಎನ್ನಬೇಕು. ನಮ್ಮ ಕಸುಬಿನವರ ತಪ್ಪನ್ನೂ ಹೇಳುತ್ತೇನೆ: ಟೈರಿನ ಗಾಳಿ ನೋಡದೆ, ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ಅಲ್ಲಾಡುತ್ತಿದೆಯೇ ಎಂದು ಪರೀಕ್ಷಿಸದೆ, ಚಕ್ರಕ್ಕೆ ಕ್ಲಾಂಪ್ ಹಾಕಿದ ಕೂಡಲೇ ಟೋ ಹಸಿರಾಗುವವರೆಗೆ ತಿರುಗಿಸಿ ಹಾಳೆ ಮುದ್ರಿಸಿ ಕೊಡುವವರಿದ್ದಾರೆ. ಹಿಂದಿನ ಚಕ್ರಗಳನ್ನು ಅಳೆಯದೆ ಮುಂದಿನದ್ದನ್ನಷ್ಟೇ ಹೊಂದಿಸುವುದೂ ಸರಿಯಲ್ಲ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಮುಂದಿನದ್ದು ಎಷ್ಟು ನೇರವಿದ್ದರೂ ಸ್ಟೇರಿಂಗ್ ಸೊಟ್ಟಗೆ ನಿಲ್ಲುತ್ತದೆ. ನಿಮ್ಮ ಕಾರಿನ ಹಿಂದಿನ ತೊಲೆಯಲ್ಲಿ ಹೊಂದಿಸಲು ಏನೂ ಇಲ್ಲ, ನಿಜ. ಆದರೂ ಅಳತೆ ಗೊತ್ತಿರಬೇಕು.

ಶಿರಸಿ ಹಳೆ ಗ್ಯಾರೇಜು

ಕುಮಟಾದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಕ್ಯಾಂಬರಿನಲ್ಲಿ ಎಡಕ್ಕೂ ಬಲಕ್ಕೂ 45 ನಿಮಿಷದ ಅಂತರವಿರುವುದು ನನ್ನ ಕಣ್ಣಿಗೆ ಬಿತ್ತು. ಎತ್ತರದಲ್ಲಿ ನಾಲ್ಕು ಮಿ.ಮೀ. ವ್ಯತ್ಯಾಸ ಅಷ್ಟು ಮಾಡುವುದಿಲ್ಲ. "ಹೊಂದಿಸಲು ಬರುವುದಿಲ್ಲ" ಎಂದರಲ್ಲ, ಅದು ಅರ್ಧ ಸತ್ಯ. ಸ್ವಿಫ್ಟಿನಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬವಾದ ಸ್ಟ್ರಟ್ಟಿನ ಕೆಳತುದಿ ಚಕ್ರವನ್ನು ಹೊತ್ತಿರುವ ನಕಲ್ ಎಂಬ ಭಾಗಕ್ಕೆ ಎರಡು ಬೋಲ್ಟುಗಳಿಂದ ಬಿಗಿದಿರುತ್ತದೆ. ಬೋಲ್ಟಿಗೂ ಅದರ ತೂತಿಗೂ ನಡುವೆ ಕೂದಲೆಳೆಯಷ್ಟು ಸಡಿಲವಿರುತ್ತದೆ. ಆ ಸಡಿಲದಲ್ಲಿ ಚಕ್ರವನ್ನು ಒಳಕ್ಕೆ ತಳ್ಳಿ ಬಿಗಿದರೆ ಒಂದು ಕೋನ, ಹೊರಕ್ಕೆ ಎಳೆದು ಬಿಗಿದರೆ ಇನ್ನೊಂದು. ಸ್ಪ್ರಿಂಗ್ ಬದಲಿಸುವಾಗ ಸ್ಟ್ರಟ್ಟನ್ನು ಬಿಚ್ಚಿಯೇ ಇರುತ್ತಾರೆ, ಮರಳಿ ಬಿಗಿಯುವಾಗ ಎಡಗಡೆ ಚಕ್ರದ ಮೇಲ್ಭಾಗ ಒಳಕ್ಕೆ ಬಿದ್ದಿದ್ದನ್ನು ಯಾರೂ ನೋಡಿಲ್ಲ. ಎರಡೂ ಬೋಲ್ಟು ಸಡಿಲಿಸಿ, ಒಬ್ಬರು ಚಕ್ರದ ನೆತ್ತಿಯನ್ನು ಹೊರಕ್ಕೆ ಎಳೆದು ಹಿಡಿದಿರುವಾಗ ಇನ್ನೊಬ್ಬರು ಬಿಗಿದರೆ ಅರ್ಧ ಡಿಗ್ರಿಯ ಸುತ್ತಮುತ್ತ ಸಿಗುವುದುಂಟು. ಸಾಲದಿದ್ದರೆ ಕ್ಯಾಂಬರ್ ಬೋಲ್ಟ್ ಎಂದು ಸಿಗುತ್ತದೆ, ನಡುವೆ ಮೊಟ್ಟೆಯಾಕಾರದ ಉಬ್ಬು ಇರುವಂಥದ್ದು. ಆದರೆ ಕ್ಯಾಂಬರ್ ಮೊದಲು, ಟೋ ಆಮೇಲೆ. ಕ್ಯಾಂಬರ್ ಮುಟ್ಟಿದ ಕೂಡಲೇ ಟೋ ಹಾಳಾಗಿರುತ್ತದೆ.

ಇನ್ನೊಂದು ಮಾತನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಲೋಯರ್ ಆರ್ಮಿನ ಒಳತುದಿಯ ರಬ್ಬರ್ ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಆ ಬೋಲ್ಟನ್ನು ಬಿಗಿದು ಕಾರನ್ನು ಕೆಳಗಿಳಿಸಿದರೆ ಬುಶ್ಶು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ, ಆರು ತಿಂಗಳಲ್ಲಿ ಹರಿಯುತ್ತದೆ. ಕಾರನ್ನು ತಗ್ಗಿಸಿದವರು ಬುಶ್ ಬೋಲ್ಟುಗಳನ್ನು ಒಮ್ಮೆ ಸಡಿಲಿಸಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಬಿಟ್ಟು, ಆ ಹೊಸ ಎತ್ತರದಲ್ಲಿಯೇ ಮತ್ತೆ ಬಿಗಿಯಬೇಕು. ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುತ್ತಿದ್ದರೆ ಬುಶ್ಶನ್ನೇ ಮೊದಲು ನೋಡಿ.

ಕಂಪನಿ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡಿದ್ದೀರಿ. ಎಡಗಡೆ ಅದರ ದಂಡ ಈಗ 49 ಮಿ.ಮೀ. ಒಳಕ್ಕೆ ಹೋಗಿ ನಿಂತಿದೆ. ದಂಡ ಪೂರ್ತಿ ಒಳಹೋಗದಂತೆ ತಡೆಯುವ ರಬ್ಬರ್ ತುಂಡಾದ ಬಂಪ್ ಸ್ಟಾಪಿಗೆ ಮೊದಲಿದ್ದ ಜಾಗವಿಲ್ಲ. ದೇವಿಮನೆಯ ತಿರುವಿನಲ್ಲಿ ಮಳೆ ಬರುವಾಗ ಹೊರಗಿನ ಚಕ್ರ ಬಂಪ್ ಸ್ಟಾಪಿಗೆ ತಾಗಿತೆಂದರೆ ಆ ಕ್ಷಣಕ್ಕೆ ಸ್ಪ್ರಿಂಗ್ ಎಂಬುದೇ ಇಲ್ಲವಾಗಿ ಮುಂದಿನ ಟೈರು ಜಾರುತ್ತದೆ. ಸ್ಪ್ರಿಂಗ್ ಕತ್ತರಿಸಿ ಇಳಿಸುವವರ ಬಗ್ಗೆ ಮಾತನಾಡಲಿಕ್ಕೇ ಮನಸ್ಸಿಲ್ಲ. ಗ್ಯಾಸಿನಲ್ಲಿ ಕತ್ತರಿಸಿದ ಸ್ಪ್ರಿಂಗಿನ ಹದ ಕೆಟ್ಟಿರುತ್ತದೆ, ತುದಿ ಬಟ್ಟಲಿನಲ್ಲಿ ಕೂರುವುದಿಲ್ಲ. ಚಕ್ರ ಗುಂಡಿಗಿಳಿದಾಗ ಸ್ಪ್ರಿಂಗು ಅಲ್ಲಿ ಖಾಲಿ ಡಬ್ಬಿಯಲ್ಲಿನ ಅಡಿಕೆಯಂತೆ ಕುಣಿಯುತ್ತಿರುತ್ತದೆ.

ಹೊನ್ನಾವರ ನಿವೃತ್ತ

ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನೀಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು ನಿಯಮಬಾಹಿರವಾದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎನ್ನುತ್ತದೆ. ನೋಂದಣಿ ಪತ್ರದಲ್ಲಿ ನೆಲದಿಂದೆತ್ತರದ ಅಂಕಣವಿಲ್ಲ ಎಂದು ವಾದಿಸುವವರಿದ್ದಾರೆ. ಆ ವಾದವನ್ನು ಅಪಘಾತವಾದ ಮೇಲೆ ವಿಮಾ ಕಂಪನಿಯ ಮುಂದೆ ಮಂಡಿಸುವ ಪರಿಸ್ಥಿತಿ ಯಾರಿಗೂ ಬಾರದಿರಲಿ. ಹಳೆಯ ಸ್ಪ್ರಿಂಗುಗಳನ್ನು ಎಸೆಯಬೇಡಿ.

ಕೋಡಿಬಾಗ ಸ್ವಿಫ್ಟ್

ಹಳೆಯವು ಮಾಳಿಗೆಯ ಮೇಲೆ ಭದ್ರವಾಗಿವೆ, ಹಿರಿಯರೇ. ಈಗಿನ ಮಟ್ಟಿಗೆ ನಿರ್ಧಾರ ಹೀಗಿದೆ: ಮುಂದಿನ ಎರಡು ಟೈರು ಹೊಸದು, ಮಳೆಗಾಲಕ್ಕೆ ಮೂಲ ಸ್ಪ್ರಿಂಗ್, ನವರಾತ್ರಿಯ ನಂತರ 25 ಮಿ.ಮೀ.ಯದ್ದು, ಅದಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ಸಮೇತ. ಎತ್ತರ ಬದಲಿಸಿದ ಪ್ರತಿ ಸಲವೂ ಯಂತ್ರಕ್ಕೆ ಹೋಗಬೇಕೆಂದು ತಿಳಿಯಿತು. ಅದರ ನಡುವೆ ಮನೆಯಲ್ಲಿಯೇ ಟೋ ನೋಡಿಕೊಳ್ಳಲು ದಾರಿ ಇದೆಯೇ?

ಅಂಕೋಲಾ ಉಪನ್ಯಾಸಕಿ

ಇದೆ, ಮತ್ತು ಕಾರವಾರದವರಿಗೆ ಅದಕ್ಕೆ ಬೇಕಾದದ್ದು ಸುಲಭವಾಗಿ ಸಿಗುತ್ತದೆ: ಮೀನು ಗಾಳದ ನೈಲಾನ್ ದಾರ. ಕಾರನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಟೈರಿನ ಗಾಳಿ ಸರಿಮಾಡಿ, ಚಾಲಕನ ಸೀಟಿನಲ್ಲಿ ನಿಮ್ಮ ತೂಕದ ಅಕ್ಕಿ ಚೀಲ ಇಟ್ಟು, ಸ್ಟೇರಿಂಗನ್ನು ನೇರಕ್ಕೆ ಕಟ್ಟಿಹಾಕಿ. ಕಾರಿನ ಎರಡೂ ಮಗ್ಗುಲಿಗೆ ಚಕ್ರದ ನಡುವಿನ ಎತ್ತರದಲ್ಲಿ ದಾರ ಬಿಗಿಯಿರಿ. ಮುಂದಿನ ಎರಡು ಚಕ್ರಗಳ ನಡುಬಿಂದುವಿನಿಂದ ದಾರಕ್ಕಿರುವ ದೂರ ಎಡಬಲ ಒಂದೇ ಇರಬೇಕು, ಹಿಂದೆಯೂ ಹಾಗೆಯೇ, ಎರಡು ದಾರಗಳು ಪರಸ್ಪರ ಸಮಾನಾಂತರವಾಗಿರಬೇಕು. ಇದನ್ನು ಸರಿಮಾಡಲು ಅರ್ಧ ಗಂಟೆ ಹಿಡಿಯುತ್ತದೆ, ಬೇಸರ ಪಡಬೇಡಿ. ನಂತರ ಉಕ್ಕಿನ ಸ್ಕೇಲಿನಿಂದ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಮುಂದಿನ ಅಂಚು ದಾರಕ್ಕೆ ಹತ್ತಿರವಿದ್ದರೆ ಆ ಚಕ್ರ ಹೊರಮುಖವಾಗಿದೆ. ಅರ್ಧ ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣಿಸುತ್ತದೆ. ತಪ್ಪನ್ನು ಕಂಡುಹಿಡಿಯಲು ಅಷ್ಟು ಸಾಕು.

ಕೋಡಿಬಾಗ ಸ್ವಿಫ್ಟ್

ಹದಿನೈದು ದಿನಗಳ ಬಳಿಕ ಬರೆಯುತ್ತಿದ್ದೇನೆ. ಮೂಲ ಸ್ಪ್ರಿಂಗ್ ಹಾಕಿದ್ದಾಯಿತು, ಎಡ ಬುಶ್ಶಿನಲ್ಲಿ ನಿಜವಾಗಿಯೂ ಬಿರುಕು ಇತ್ತು, ಅದನ್ನೂ ಬದಲಿಸಿದೆವು. ಕಡಲ ಗಾಳಿಯ ಉಪ್ಪಿಗೆ ಟೈ ರಾಡಿನ ಲಾಕ್ ನಟ್ಟು ಎಷ್ಟು ಹಿಡಿದುಕೊಂಡಿತ್ತೆಂದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು ಬೆಳಿಗ್ಗೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಬಿಚ್ಚಬೇಕಾಯಿತು. 300 ಕಿ.ಮೀ. ಓಡಿಸಿ ಮತ್ತೆ ಯಂತ್ರಕ್ಕೆ ಹತ್ತಿಸಿದೆ: ಟೋ ಎರಡೂ ಕಡೆ ತಲಾ 2 ನಿಮಿಷ ಒಳಕ್ಕೆ, ಕ್ಯಾಂಬರಿನಲ್ಲಿ ಎಡಬಲದ ಅಂತರ ಈಗ 8 ನಿಮಿಷ. ಸ್ಟೇರಿಂಗ್ ನೆಟ್ಟಗಿದೆ. ಆದರೆ ಪೂರ್ತಿ ಎಡಕ್ಕೆ ತಿರುಗಿಸುವಾಗ ಕೆಳಗಿನಿಂದ ರಬ್ಬರು ನರಳಿದಂಥ ಸದ್ದು ಬರುತ್ತದೆ.

ಕುಮಟಾ ಅಲೈನ್‌ಮೆಂಟ್

ಸ್ಟೇರಿಂಗ್ ರ‍್ಯಾಕಿನ ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇದೆಯಲ್ಲ, ಅದನ್ನು ನೋಡಿ. ಟೈ ರಾಡ್ ತಿರುಗಿಸುವ ಮೊದಲು ಬೂಟಿನ ಹೊರತುದಿಯ ಕ್ಲಿಪ್ಪು ಸಡಿಲಿಸದಿದ್ದರೆ ರಾಡಿನ ಜೊತೆ ಬೂಟೂ ತಿರುಚಿಕೊಳ್ಳುತ್ತದೆ. ಹರಿದರೆ ಮಳೆನೀರು ನೇರವಾಗಿ ರ‍್ಯಾಕಿನೊಳಗೆ ಇಳಿಯುತ್ತದೆ.

ಕೋಡಿಬಾಗ ಸ್ವಿಫ್ಟ್

ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಎಡಗಡೆಯ ಬೂಟು ಹೆಣೆದ ಜಡೆಯಂತೆ ಒಂದು ಸುತ್ತು ತಿರುಚಿಕೊಂಡಿತ್ತು, ಎರಡನೆಯ ಮಡಿಕೆಯಲ್ಲಿ ಉಗುರಿನಷ್ಟು ಸೀಳೂ ಬಿಟ್ಟಿದೆ. ಒಳಗಿನ ಗ್ರೀಸಿಗೆ ಇನ್ನೂ ನೀರು ತಾಗಿಲ್ಲ, ಪಸೆಯಿಲ್ಲ. ಅಂಗಡಿಗೆ ಹೊಸ ಬೂಟು, ಎರಡು ಕ್ಲಿಪ್ಪು ಹೇಳಿ ಬಂದಿದ್ದೇನೆ, ಶುಕ್ರವಾರ ಬರುತ್ತದೆಯಂತೆ. ಅಲ್ಲಿಯವರೆಗೆ ಕಾರು ಶೆಡ್ಡಿನಿಂದ ಹೊರಗೆ ಹೋಗುವುದಿಲ್ಲ.